ಎಣ್ಣೆ ಜಾಸ್ತಿ ಆಗೈತೆ

ಮಧುಗಿರಿಯಿಂದ ಪುರವರದ ಕಡೆಗೆ ಹೋಗುವ ಹಳ್ಳಿಗಳಲ್ಲಿ ಬೆಳಗಿನ ಹೊತ್ತು ಒಂದು ಲಗೇಜ್ ಆಟೋ ಬರುತ್ತದೆ. ಅದರ ನೆತ್ತಿಯ ಮೇಲಿನ ಮೈಕು, "ಬನ್ರಮ್ಮೋ ಬನ್ರೀ, ರಾಗಿ ಹಿಟ್ಟೈತೆ, ಅಕ್ಕಿ ಐತೆ, ತೊಗರಿಬ್ಯಾಳೆ ಐತೆ, ಈರುಳ್ಳಿ ಐತೆ, ಬಿರ್ರನೆ ಬನ್ರೀ" ಅಂತ ಕೂಗುತ್ತದೆ. ಆ ದನಿ ನಮ್ಮ ಮಾವನದು. ಕೂಗಿದವನು ನಾನು.

ಇದರಲ್ಲಿ ಗೊಂದಲವೇನೂ ಇಲ್ಲ, ಕೇಳಿ. ಮಾವ ಅಂದರೆ ನಮ್ಮವ್ವನ ತಮ್ಮ. ಆಟೋ ಅವನದು, ವ್ಯಾಪಾರ ಅವನದು, ದವಡೆಯಲ್ಲಿ ಸದಾ ಇರುವ ಎಲೆಅಡಿಕೆಯೂ ಅವನದೇ. ಆದರೆ ಬೀದಿಯಲ್ಲಿ ನಿಂತು ಕೂಗು ಅಂದರೆ ಹೊಸ ಮದುವಣಗಿತ್ತಿಯ ಹಾಗೆ ನೆಲ ನೋಡುತ್ತಾನೆ. ನಾನೋ, ಮಧುಗಿರಿ ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿರುವವನು. ಸ್ಕ್ರೀನ್ ಗಾರ್ಡ್ ಅಂಟಿಸುವುದು ಸಂಬಳಕ್ಕೆ. ಬಂದವರ ದನಿ ಕದಿಯುವುದು ಚಟಕ್ಕೆ. ಪಾವಗಡ ಬಸ್ಸಿನ ಕಂಡಕ್ಟರು, ನಮ್ಮ ಓನರು ಸೀನುವ ರೀತಿ, ಸಾಲದ ಅರ್ಜಿ ನೋಡಿದ ಕೂಡಲೇ ಬ್ಯಾಂಕಿನವರಿಗೆ ಬರುವ ಕೆಮ್ಮು, ಕುಕ್ಕರ್ ಕೂಗುವ ಮುಂಚೆ ಮಾಡುವ ಸುಯ್ ಸದ್ದು, ಎಲ್ಲ ಬರುತ್ತವೆ. ನನ್ನದೇ ದನಿ ಒಂದು ಬರುವುದಿಲ್ಲ. ತುಮಕೂರಿನಲ್ಲಿ ಒಂದು ಕೆಲಸದ ಇಂಟರ್‌ವ್ಯೂಗೆ ಹೋದಾಗ, ಕೇಳಿದವರ ದನಿಯಲ್ಲೇ ಉತ್ತರ ಹೇಳಿಬಿಟ್ಟೆ. ಅವರು ನಗಲಿಲ್ಲ. ಅದಕ್ಕೇ ಸ್ಕ್ರೀನ್ ಗಾರ್ಡ್.

ಸೊಪ್ಪಿನವರು, ಗುಜರಿಯವರು, ಐಸ್‌ಕ್ರೀಮಿನವರು ಮೈಕಿಗೆ ದನಿ ತುಂಬಿಸಿಕೊಳ್ಳಲು ನಮ್ಮ ಅಂಗಡಿಗೇ ಬರುತ್ತಾರೆ. ಹೀಗೇ ಮಾವನೂ ಬಂದ. ಕೂಗು ನನ್ನದಾದರೂ ದನಿ ತನ್ನದೇ ಇರಬೇಕು ಅಂದ. ಮೈಕಿನಲ್ಲಿ ಒಬ್ಬ, ಗಾಡಿಯಲ್ಲಿ ಇನ್ನೊಬ್ಬ ಆದರೆ ಹೆಂಗಸರು ನಂಬುವುದಿಲ್ಲವಂತೆ. ಹಾಗಾಗಿ ನಾನು ಬಾಯಿಗೆ ಎರಡು ಎಲೆ ತುರುಕಿಕೊಂಡು, ನಾಲಿಗೆಯನ್ನು ಒಂದು ಕಡೆಗೆ ಒತ್ತಿ, ಒಸಿ ತೇಲಿಸಿ ತೇಲಿಸಿ ಕೂಗಿದೆ. ಥೇಟ್ ಮಾವ. ಅವನೇ ಕೇಳಿಸಿಕೊಂಡು, "ಇದ್ಯಾವಾಗ್ಲಾ ನಾನು ಹೇಳಿದ್ದು?" ಅಂದುಬಿಟ್ಟ.

ಹೀಗೆ ನೆಮ್ಮದಿಯಾಗಿದ್ದಾಗ ಡೀಸೆಲ್ ರೇಟು ಏರಿತು.

ಏರುವುದು ಹೊಸದಲ್ಲ. ಏರಿದಾಗೆಲ್ಲ ಟಿವಿಯಲ್ಲಿ ಒಬ್ಬಾಕೆ "ಸರಕು ಸಾಗಣೆ ವೆಚ್ಚದ ಹೆಚ್ಚಳ" ಅನ್ನುತ್ತಾಳೆ, ನಾನು ಅವಳ ಹಾಗೆ ಅನ್ನುತ್ತೇನೆ, ಅಂಗಡಿಯವರು ನಗುತ್ತಾರೆ. ಹೆಚ್ಚಳ ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡ್ ಕ್ಯಾಂಟೀನಿನ ಇಡ್ಲಿ ತೆಳ್ಳಗಾದಾಗಲೂ ಅಡುಗೆಯವನಿಗೆ ಏನೋ ಚಿಂತೆ ಇರಬೇಕು ಅಂದುಕೊಂಡಿದ್ದೆ. ಡೀಸೆಲ್ಲಿಗೂ ಇಡ್ಲಿಗೂ ಏನು? ಇಡ್ಲಿ ಎಲ್ಲಿಗೂ ಹೋಗುವುದಿಲ್ಲ, ಕೂತಲ್ಲೇ ಬೇಯುತ್ತದೆ.

ನಮ್ಮ ಅಂಗಡಿಗೆ ರಜೆ ಇದ್ದ ಒಂದು ದಿನ ಮಾವನ ಜೊತೆ ಪುರವರದ ಕಡೆ ಹೋದೆ. ಅಲ್ಲಿ ರಸ್ತೆ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದೆ. ಮಾವನ ಮೊದಲ ಗಿರಾಕಿ ಅದೇ, ಮೊದಲ ಜಗಳವೂ ಅಲ್ಲೇ. ಅಜ್ಜಿ ರಾಗಿ ಹಿಟ್ಟಿನ ಪ್ಯಾಕೆಟ್ಟು ಎತ್ತಿಕೊಂಡು, ರೇಟು ಕೇಳಿ, ಮತ್ತೆ ಗಾಡಿಯಲ್ಲಿಟ್ಟಿತು.

"ಏನ್ಲಾ ಇದು? ಹೋದ್ಸಲ ಒಂದ್ ರೇಟು, ಈ ಸಲ ಒಂದ್ ರೇಟು?"

"ಡೀಸೆಲ್ ಏರ್ಬುಟ್ಟೈತೆ ಕಣಮ್ಮ."

"ರಾಗಿ ಹೊಲ್ದಾಗೆ ಬೆಳೀತದೋ ಬಂಕ್ನಾಗೆ ಬೆಳೀತದೋ?"

"ಹೊಲ್ದಾಗೇ ಕಣಮ್ಮ, ಆದ್ರೆ…"

"ಯಾವ್ ಹೊಲ? ಅಗೋ, ಆ ಹೊಲ. ನಮ್ದೇ. ಒಂದ್ ಬೀಡಿ ಸೇದಿ ಮುಗ್ಸೋವಷ್ಟು ದೂರ ಇಲ್ಲ. ಅದಕ್ಕೆ ಯಾವನ್ಲಾ ಡೀಸೆಲ್ ಹಾಕ್ದೋನು?"

ಮಾವ ಎಲೆಅಡಿಕೆ ಉಗಿದು ಬಂದು ಶುರುಮಾಡಿದ. ಉಳುವುದಕ್ಕೆ ಟ್ರಾಕ್ಟರು ಬಂತಲ್ಲ, ಅದಕ್ಕೆ ಡೀಸೆಲ್ಲು. ಕೊಯ್ದ ಮೇಲೆ ಮೂಟೆಯನ್ನು ಟೆಂಪೋ ಒಯ್ತಲ್ಲ, ಅದಕ್ಕೆ ಡೀಸೆಲ್ಲು. ಮಂಡಿಯಿಂದ ಮಿಲ್ಲಿಗೆ, ಮಿಲ್ಲಿನಿಂದ ಪ್ಯಾಕೆಟ್ಟಾಗಿ ನನ್ನ ಗಾಡಿಗೆ, ನನ್ನ ಗಾಡಿಯಿಂದ ನಿನ್ನ ಬಾಗಿಲಿಗೆ. ಹೇಳುತ್ತಾ ಹೇಳುತ್ತಾ ಮಾವನಿಗೇ ಉಬ್ಬಸ ಬಂತು.

ಅಜ್ಜಿ ಗಲ್ಲಕ್ಕೆ ಕೈ ಇಟ್ಟುಕೊಂಡು ಕೇಳಿತು. "ಅಂಗಂದ್ರೆ ನಮ್ ರಾಗಿ ಇಲ್ಲಿಂದ ಟೌನ್ಗೋಗಿ, ಟೌನ್ ನೋಡ್ಕಂಡು, ವಾಪಸ್ ಬಂದೈತೆ. ಅದ್ರ ಬಸ್ ಚಾರ್ಜು ನಾನ್ ಕೊಡ್ಬೇಕು?"

"ಅಂಗೇ ಕಣಮ್ಮ."

"ಹೋಗು ಅಂದೋರ್ ಯಾರು ಅದನ್ನ?"

ಒಕ್ಕಣೆಯಾದ ಕೂಡಲೇ ಮೂಟೆ ಮಾರಿದ್ದು ಅಜ್ಜಿಯ ಮಗನೇ. ಮನೆಗೆ ಇಟ್ಟುಕೊಂಡದ್ದು ಮುಗಿದ ಮೇಲೆ ಪ್ಯಾಕೆಟ್ಟು ಕೊಳ್ಳುತ್ತಿರುವುದು ಅದೇ ಮನೆ. ಹಾಗಂತ ಹೇಳಿದರೆ ಅಜ್ಜಿ ಕೋಲು ಎತ್ತಿಕೊಳ್ಳುತ್ತದೆ. ಅದರ ಕೈಯಲ್ಲಿ ಇನ್ನೊಂದು ಅಸ್ತ್ರವೂ ಇತ್ತು. ನಮ್ಮ ಕಡೆ ಸುಗ್ಗಿಯಲ್ಲಿ ರಾಗಿ ತೆನೆಯನ್ನು ಡಾಂಬರು ರಸ್ತೆಯ ಮೇಲೆ ಹರಡಿಬಿಡುತ್ತಾರೆ. ಬರುವ ಹೋಗುವ ಗಾಡಿಗಳೇ ತುಳಿದು ಕಾಳು ಉದುರಿಸುತ್ತವೆ. ಅಜ್ಜಿಯ ತೆನೆಯ ಮೇಲೆ ಮಾವ ಬೇಕಂತಲೇ ಹಿಂದಕ್ಕೂ ಮುಂದಕ್ಕೂ ಆಟೋ ಓಡಿಸಿ ಉಪಕಾರ ಮಾಡಿದ್ದ.

"ಅವತ್ತು ನನ್ ರಾಗಿ ಮ್ಯಾಲೆ ಅಷ್ಟ್ ಸಲ ಗಾಡಿ ಓಡಿಸ್ದಲ್ಲ, ಎಣ್ಣೆ ಮಾತು ಎತ್ತಿದ್ಯೇನ್ಲಾ? ಈಗ್ ಬಂದ್ಬುಟ್ಟ ಎಣ್ಣೆ ಏರೈತೆ ಅಂತ!"

ಉಪಕಾರ ಮಾಡಿದ್ದೇ ತಪ್ಪಾಯಿತು. ಮಾವ ಹಳೇ ರೇಟಿಗೇ ಕೊಟ್ಟು ಬಂದ. ಮುಂದಿನ ಮನೆಯಲ್ಲೂ ಅದೇ ಕತೆ. ಅದರ ಮುಂದಿನ ಮನೆಯಲ್ಲಿ ಟ್ರಾಕ್ಟರಿನ ತನಕ ಬಂದು ಸುಸ್ತಾಗಿ ನಿಲ್ಲಿಸಿಬಿಟ್ಟ. ವಾಪಸು ಬರುವಾಗ ಅಂದ, "ಒಂದೊಂದ್ ಬಾಗ್ಲಾಗೂ ಟ್ರಾಕ್ಟರ್ನಿಂದ ಶುರು ಮಾಡಕ್ಕಾಗಲ್ಲ ಕಣ್ಲಾ. ಮೈಕ್ನಾಗೇ ಹಾಕ್ಬುಡು. ನನ್ ದನೀಲೇ."

ಅಂಗಡಿಯಲ್ಲಿ ಕೂತು ರೆಕಾರ್ಡ್ ಮಾಡಿದೆವು. ನಾನು ಮೊದಲು ಟಿವಿಯಾಕೆಯ ದನಿಯಲ್ಲಿ "ಡೀಸೆಲ್ ಬೆಲೆ ಏರಿಕೆಯ ಹಿನ್ನೆಲೆಯಲ್ಲಿ" ಅಂದೆ. ಮಾವ ಬೇಡವೇ ಬೇಡ ಅಂದ. "ಯಾವನ್ಲಾ ಹಂಗ್ ಮಾತಾಡ್ತಾನೆ? ಎಣ್ಣೆ ಅನ್ನು. ಪಂಪ್‌ಸೆಟ್ಟಿನೋರು, ಟ್ರಾಕ್ಟ್ರಿನೋರು ಎಲ್ಲಾ ಎಣ್ಣೆ ಅಂತಾರೆ. ಅಜ್ಜೀನೇ ಎಣ್ಣೆ ಅಂತು." ಸರಿ ಅಂತ ಬಾಯಿಗೆ ಎಲೆ ತುರುಕಿಕೊಂಡು, ನಾಲಿಗೆ ಒತ್ತಿ, ಯಾವತ್ತಿಗಿಂತ ಒಸಿ ಹೆಚ್ಚಾಗೇ ತೇಲಿಸಿ ಹೇಳಿದೆ:

"ಅಕ್ಕಾ… ಅವ್ವಾ… ಎಣ್ಣೆ ಜಾಸ್ತಿ ಆಗೈತೆ. ಅದಕ್ಕೇ ರೇಟು ಒಸಿ ಮ್ಯಾಕ್ಕೋಗೈತೆ. ಬ್ಯಾಸರ ಮಾಡ್ಕಬ್ಯಾಡಿ. ಕೈ ಬುಡಬ್ಯಾಡಿ."

ಓನರು ಕೌಂಟರಿನ ಹಿಂದೆ ಬಿದ್ದು ಬಿದ್ದು ನಕ್ಕರು. ಮಿಮಿಕ್ರಿ ಚೆನ್ನಾಗಿದೆ ಅಂತ ನಗುತ್ತಿದ್ದಾರೆ ಅಂದುಕೊಂಡೆವು.

ಇಲ್ಲಿ ಒಂದು ವಿಷಯ ಹೇಳಬೇಕು. ಮಾವ ಹಿಂದೆ ಕುಡಿಯುತ್ತಿದ್ದ. ಈಗ ಇಲ್ಲ. ಆಗ ಅತ್ತೆ, ಅಂದರೆ ಮಾವನ ಹೆಂಡತಿ, ತವರಿಗೆ ಹೋಗಿ ಕೂತಿದ್ದಳು. ಅವಳ ತವರು ಪಾವಗಡದ ಆಚೆ, ನಾಗಲಮಡಿಕೆ ಕಡೆ. ಅವಳ ಅಣ್ಣ ಕಡ್ಲೆಕಾಯಿ ಬೆಳೆಯುವವರು. ಅವರು ಮಾವನನ್ನು ಸಿದ್ದರಬೆಟ್ಟ ಹತ್ತಿಸಿ, ಗವಿಯ ಮುಂದೆ ಇನ್ನು ಮುಟ್ಟುವುದಿಲ್ಲ ಅಂತ ಆಣೆ ಮಾಡಿಸಿ, ತಾವೇ ತಂಗಿಯನ್ನು ಮಧುಗಿರಿಗೆ ಕರೆತಂದು ಬಿಟ್ಟಿದ್ದರು. ಅತ್ತೆ ಬಾಗಿಲಲ್ಲೇ ನಿಂತು ಒಂದೇ ಮಾತು ಅಂದಿದ್ದಳು: "ಇನ್ನೊಂದು ಸಲ ಅಂದ್ರೆ ನಾನು ಬಸ್ ಹತ್ತಿದೆ ಅಂತಲೇ ತಿಳ್ಕೋ. ಕರೆಯಕ್ಕೆ ಬರ್ಬೇಡ." ಅಂದಿನಿಂದ ಮಾವ ಕೆಮ್ಮಿನ ಸಿರಪ್ಪನ್ನೂ ಅತ್ತೆಯ ಎದುರಿಗೇ ಕುಡಿಯುತ್ತಾನೆ.

ಹೊಸ ಕೂಗು ಹಾಕಿಕೊಂಡು ಮಾವ ಊರೂರು ತಿರುಗಿದ. ಸಂಜೆ ನಗುನಗುತ್ತಾ ಬಂದ.

"ಜನ ಎಷ್ಟ್ ಒಳ್ಳೇರು ಕಣ್ಲಾ! ಯಾರೂ ತುಟಿಪಿಟಿಕ್ ಅನ್ನಲಿಲ್ಲ. ಹೇಳಿದ್ ರೇಟು ಕೊಟ್ರು. ಆ ಅಜ್ಜೀನೂ ಕೊಡ್ತು. ಕೊಟ್ಟು, 'ಉಷಾರಾಗ್ ಹೋಗಪ್ಪ, ಗುಂಡಿ ಗಿಂಡಿ ನೋಡ್ಕೊ' ಅಂತು."

"ಅಜ್ಜಿ ಅಪ್ಪ ಅಂತಾ? ಲೇ ಅನ್ನಲಿಲ್ವಾ?"

"ಅಪ್ಪ ಅಂತು. ಕೊರಟಗೆರೆ ರೋಡ್ನಾಗೆ ಒಬ್ಬಮ್ಮ ದೊಡ್ಡ ಚೊಂಬ್ನಾಗೆ ಮಜ್ಜಿಗೆ ತಂದ್ಕೊಟ್ಟು, 'ಮೊದ್ಲು ಇದ್ ಕುಡಿ, ಇಳೀತದೆ' ಅಂದ್ಲು. ಬಿಸಿಲು ನೋಡು, ಅದಕ್ಕೆ. ನಿಂಬೆಹಣ್ಣು ಬೇರೆ ಕೊಟ್ಲು."

ನಾನೂ ಖುಷಿಪಟ್ಟೆ. ಒಂದು ವಾಕ್ಯದಲ್ಲಿ ಟ್ರಾಕ್ಟರು, ಟೆಂಪೋ, ಮಂಡಿ, ಮಿಲ್ಲು ಎಲ್ಲವನ್ನೂ ಜನಕ್ಕೆ ತಿಳಿಸಿಬಿಟ್ಟೆ ಅಂತ ಅಂಗಡಿಯಲ್ಲಿ ಕಾಲರ್ ಎತ್ತಿಕೊಂಡು ಓಡಾಡಿದೆ. ಶಿರಾದಲ್ಲಂತೂ ಬಾಳೆಹಣ್ಣಿನ ಗಾಡಿಯ ಸಾಬರೊಬ್ಬರು "ತೇಲ್ ಬಡ್ ಗಯಾ ಕತೆ!", ಎಣ್ಣೆ ರೇಟು ಏರಿತಂತೆ, ಅಂತ ತಮ್ಮ ಬೆಲೆಯನ್ನೂ ಏರಿಸಿಕೊಂಡರಂತೆ. ಸರಿಯಾಗಿ ಅರ್ಥ ಮಾಡಿಕೊಂಡವರು ಅವರೊಬ್ಬರೇ ಅಂತ ಆಮೇಲೆ ಗೊತ್ತಾಯಿತು.

ಮಾವ ಪಾವಗಡದ ಕಡೆ ಹೋದ ದಿನ ನಾನು ಅತ್ತೆಯ ಮನೆಯಲ್ಲೇ ಊಟಕ್ಕೆ ಕೂತಿದ್ದೆ. ಅತ್ತೆಗೆ ಅವಳ ಅಣ್ಣನ ಫೋನ್ ಬಂತು. ಸ್ಪೀಕರ್ ಹಾಕಿಕೊಂಡು ಸಾರು ಬಡಿಸುತ್ತಿದ್ದಳು.

"ಬಾವ ಮಳ್ಳೀ ತಾಗ್ತಾಂಡಾಡಂಟ ಕದಮ್ಮಾ," ಅಂದರು ಅವರು. ಬಾವ ಮತ್ತೆ ಕುಡಿಯುತ್ತಿದ್ದಾನಂತಲ್ಲ ಅಂತ. ಅತ್ತೆಯ ಸೌಟು ನನ್ನ ತಟ್ಟೆಯ ಮೇಲೆ ಹಾಗೇ ನಿಂತಿತು. ಯಾರು ಹೇಳಿದ್ದು ಅಂತ ಕೇಳಿದಳು.

"ಯಾರ್ಯಾಕೆ ಹೇಳ್ಬೇಕು? ಮೈಕಲ್ಲಿ ಆಯನೇ ಹೇಳ್ಕೊಂಡು ತಿರುಗ್ತಾ ಇದಾನೆ. ಎಣ್ಣೆ ಜಾಸ್ತಿ ಆಗೈತೆ, ಕೈ ಬುಡಬ್ಯಾಡಿ ಅಂತ. ಊರೆಲ್ಲಾ ಕೇಳಿದೆ. ನಾನು ತಲೆ ಎತ್ತಿ ಓಡಾಡೋದು ಹೆಂಗಮ್ಮ?"

ಆಗ ನನ್ನ ಕಿವಿಗೆ ಅದು ಮೊದಲ ಸಲ ಸರಿಯಾಗಿ ಬಿತ್ತು. ಇಂಜಿನ್ನಿಗೆ ಹಾಕುವುದೂ ಎಣ್ಣೆ, ಒಗ್ಗರಣೆಗೆ ಹಾಕುವುದೂ ಎಣ್ಣೆ, ಸಂಜೆ ಹಾಕುವುದೂ ಎಣ್ಣೆ. ಆದರೆ "ಜಾಸ್ತಿ ಆಗೈತೆ" ಅಂತ ತೇಲಿಸಿ ತೇಲಿಸಿ, ಕೊಸರಿ ಕೊಸರಿ ಹೇಳಿದರೆ ಅದು ಯಾವ ಎಣ್ಣೆ ಅಂತ ನಮ್ಮ ಕಡೆ ಮಗುವಿಗೂ ಗೊತ್ತು. ಗೊತ್ತಿಲ್ಲದವನು ನಾನು, ಗೊತ್ತಿಲ್ಲದವನು ಮಾವ. ಆ ಮಜ್ಜಿಗೆ, ಆ ನಿಂಬೆಹಣ್ಣು, ಅಜ್ಜಿಯ "ಅಪ್ಪ". ತಟ್ಟೆ ಪಕ್ಕಕ್ಕೆ ಸರಿಸಿದೆ.

ಮಾವ ಬರುವ ಹೊತ್ತಿಗೆ ಅತ್ತೆಯ ಬ್ಯಾಗು ಹೊಸಲಿನ ಹತ್ತಿರ ಇತ್ತು.

"ಏಮಯ್ಯಾ, ಬಾಯಿ ತೆಗಿ," ಅಂದಳು.

ಮಾವ ತೆಗೆದ. ಎಲೆಅಡಿಕೆ ಬಿಟ್ಟರೆ ಬೇರೆ ವಾಸನೆ ಸಿಗಲಿಲ್ಲ. ವಾಸನೆ ಮುಚ್ಚುವುದಕ್ಕೇ ಎಲೆಅಡಿಕೆ ಅಂದಳು ಅತ್ತೆ. ವಿಷಯ ಏನಂತ ತಿಳಿದ ಮೇಲೆ ಮಾವ ತಲೆ ಚಚ್ಚಿಕೊಂಡ.

"ಡೀಸೆಲ್ ಕಣೇ ಅದು! ಡೀಸೆಲ್!"

"ಡೀಸೆಲ್ ಕುಡಿದ್ಯಾ?"

ನಾನು ಮಧ್ಯೆ ಬಾಯಿ ಹಾಕಿದೆ. "ಅತ್ತೆ, ಮೈಕಲ್ಲಿ ಹೇಳಿದ್ದು ಮಾವ ಅಲ್ಲ, ನಾನು."

"ನೀನೂ ಕುಡಿದ್ಯಾ?"

"ಇಲ್ಲ ಅತ್ತೆ, ದನಿ ನಂದು. ನೋಡು ಬೇಕಾದ್ರೆ." ಅಂದು ನಾಲಿಗೆ ಒತ್ತಿ ಅಲ್ಲೇ ಮಾಡಿ ತೋರಿಸಿದೆ. ಅಕ್ಕಾ… ಅವ್ವಾ… ಎಣ್ಣೆ ಜಾಸ್ತಿ ಆಗೈತೆ. ಬಹಳ ಚೆನ್ನಾಗಿ ಬಂತು. ಮಾವನೇ ಬೆಚ್ಚಿದ.

ಅತ್ತೆ ಇಬ್ಬರನ್ನೂ ಒಂದೊಂದು ಸಲ ನೋಡಿದಳು. ಆಮೇಲೆ ನಿಧಾನವಾಗಿ ಕೇಳಿದಳು. "ಹಂಗಾದ್ರೆ ಮೊನ್ನೆ ಶಿರಾದಿಂದ, ಗಾಡಿ ಪಂಚರ್ ಆಗೈತೆ, ತಡ ಆಗ್ತೈತೆ ಅಂತ ಫೋನ್ ಮಾಡಿದ್ದು ಯಾರು?"

"ನಾನೇ," ಅಂದ ಮಾವ.

"ಯಾವ ನಾನು?"

ದೇವರಾಣೆ ಅವನೇ ಮಾಡಿದ್ದು. ನಾನು ಆಗ ಯಾರದೋ ಫೋನಿನ ಬ್ಯಾಟರಿ ಬದಲಾಯಿಸುತ್ತಿದ್ದೆ. ಆದರೆ ಹೇಳುವುದು ಹೇಗೆ? ನಾನು ಬಾಯಿ ಬಿಟ್ಟಷ್ಟೂ ಮಾವನ ಮಾತಿನ ಬೆಲೆ ಬೀಳುತ್ತಿತ್ತು. ಸಾಕ್ಷಿ ಹೇಳಲು ಹೋಗಿ ಅಪರಾಧವನ್ನೇ ಹೆಚ್ಚಿಸುವ ಸಾಕ್ಷಿ ನಾನು. ಸುಮ್ಮನೆ ಕೂತೆ. ನನಗೆ ಅದು ಅಭ್ಯಾಸವಿಲ್ಲದ ಕೆಲಸ, ಕುತ್ತಿಗೆ ನೋವು ಬಂತು.

ಅತ್ತೆ ಬಸ್ಸು ಹತ್ತಲಿಲ್ಲ. ಬ್ಯಾಗನ್ನೂ ಒಳಗಿಡಲಿಲ್ಲ. "ನಾಳೆ ನಾನೂ ಗಾಡೀಲಿ ಬರ್ತೀನಿ. ಡೀಸೆಲ್ ಅಂದ್ಯಲ್ಲ, ಆ ಡೀಸೆಲ್ ಹಿಟ್ಟಿನೊಳಗೆ ಹೆಂಗ್ ಹೋಯ್ತು ಅಂತ ಕಣ್ಣಾರೆ ನೋಡ್ತೀನಿ. ಅದು ಸುಳ್ಳಾದ್ರೆ ಹಂಗೇ ಅಲ್ಲಿಂದಲೇ ಬಸ್ಸು." ನನ್ನ ಕಡೆ ತಿರುಗಿ, "ನೀನೂ ಬಾ. ಫೋನ್ ಹಿಡ್ಕೊಂಡು ಎಲ್ಲೋ ಕೂತ್ಕೊಂಡು ಇವನ ದನಿ ಮಾಡೋದು ಬೇಡ," ಅಂದಳು.

ಹೀಗೆ ಮರುದಿನ ಬೆಳಿಗ್ಗೆ ಮಾವ ಗಾಡಿ ಓಡಿಸಿದ, ಅತ್ತೆ ಪಕ್ಕದಲ್ಲಿ ಕೂತಳು, ನಾನು ಹಿಂದೆ ಈರುಳ್ಳಿ ಮೂಟೆಯ ಮೇಲೆ.

ಮೊದಲು ಮಂಡಿ. ಅತ್ತೆ ಇಳಿದು ಹೋಗಿ ವ್ಯಾಪಾರಿಯನ್ನೇ ಕೇಳಿದಳು, ರಾಗಿ ಯಾಕೆ ಏರಿದೆ ಅಂತ. ಲಾರಿ ಬಾಡಿಗೆ ಅಮ್ಮ ಅಂತ ಅವರು ಲಾರಿ ತೋರಿಸಿದರು. ಲಾರಿಯ ಡ್ರೈವರನನ್ನು ಕೇಳಿದಳು. ಟೈರಿನ ನೆರಳಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿದ್ದ ಅವನು, ನಾನೇನು ಮಾಡಲಿ ಅಕ್ಕಾ ಅಂತ ಎದುರಿಗಿದ್ದ ಬಂಕು ತೋರಿಸಿದ. ಬಂಕಿನವನು ಪೈಪು ಹಿಡಿದುಕೊಂಡೇ ಮೇಲಿನ ರೇಟಿನ ಬೋರ್ಡು ತೋರಿಸಿದ. ಬೋರ್ಡು ಯಾರನ್ನೂ ತೋರಿಸಲಿಲ್ಲ. ಅತ್ತೆ ಅದರ ಕೆಳಗೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದಳು. ಮಾವನ ಆಟೋಗೆ ಡೀಸೆಲ್ ಬೀಳುವಾಗ ಮೀಟರಿನಲ್ಲಿ ಅಂಕಿ ಗಿರಗಿರ ತಿರುಗುವುದನ್ನು ನೋಡಿ, "ಇಷ್ಟು ಬೇಗ ನೀನೂ ಕುಡೀತಿರಲಿಲ್ಲ," ಅಂದಳು. ಮಾವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ನನಗೂ.

ಮಿಲ್ಲಿನಲ್ಲಿ ಇನ್ನೂ ಗೊಂದಲವಾಯಿತು. ಮಿಲ್ಲು ಓಡುವುದು ಕರೆಂಟಿನಲ್ಲಿ. "ಇದಕ್ಕೆ ಡೀಸೆಲ್ ಎಲ್ಲಿ?" ಅಂದಳು ಅತ್ತೆ. ಕರೆಂಟು ಹೋದಾಗ ಜನರೇಟರು ಅಂದರು ಮಿಲ್ಲಿನವರು. ಕರೆಂಟು ಹೋಗದಿದ್ದ ದಿನ ಬೀಸಿದ ಹಿಟ್ಟು ಅಗ್ಗವಾ ಅಂದಳು. ಅವರು ಹಿಟ್ಟು ಮೆತ್ತಿದ ರೆಪ್ಪೆ ಬಡಿದರು. ಡೀಸೆಲ್ ಒಮ್ಮೆ ಒಸಿ ಇಳಿದಿತ್ತಲ್ಲ, ಆಗ ಇಳಿಸಿದಿರಾ ಅಂದಳು. ಅದಕ್ಕೆ ಅವರು ಮಿಲ್ಲು ಚಾಲೂ ಮಾಡಿಬಿಟ್ಟರು, ಏನೂ ಕೇಳಿಸಲಿಲ್ಲ. ನಾನು ಮೂಟೆಯ ಮೇಲೆ ಕೂತು ಲೆಕ್ಕ ಹಾಕಿದೆ. ಡೀಸೆಲ್ ರಾಗಿಯೊಳಗೆ ಹೋಗುವುದು ನಿಜ, ಅದನ್ನು ಕಣ್ಣಾರೆ ನೋಡಿದೆವು. ಎಷ್ಟು ಹೋಗುತ್ತದೆ, ಯಾರ ಕೈಯಿಂದ ಹೋಗುತ್ತದೆ, ಹೋದದ್ದು ಯಾಕೆ ವಾಪಸು ಬರುವುದಿಲ್ಲ ಅಂದರೆ, ಅಲ್ಲಿ ತಲೆ ಗಿರ್ ಅನ್ನುತ್ತಿತ್ತು. ಅದು ಗಾಡಿಯ ಕುಲುಕಾಟವೂ ಇರಬಹುದು.

ಆದರೆ ಅತ್ತೆಗೆ ಒಂದು ವಿಷಯ ಸ್ಪಷ್ಟವಾದ ಹಾಗಿತ್ತು. ಪುರವರದ ರಸ್ತೆಗೆ ಬರುವಷ್ಟರಲ್ಲಿ ಅವಳು ಮಾವನ ಬಾಯಿ ಮೂಸುವುದನ್ನು ಬಿಟ್ಟಿದ್ದಳು. ಎಲೆಗೆ ತಾನೇ ಸುಣ್ಣ ಹಚ್ಚಿ ಕೊಟ್ಟಳು.

ಮೈಕು ಹಾಕಬೇಡ ಅಂದಿದ್ದೆ. ಆದರೂ ಗಾಡಿಯ ಸದ್ದಿಗೇ ಅಜ್ಜಿ ಹೊರಗೆ ಬಂತು. ಅತ್ತೆಯನ್ನು ನೋಡಿ, ಯಾರು ಅಂತ ತಿಳಿದುಕೊಂಡು, ಕೈ ಹಿಡಿದು ಜಗಲಿಯ ಮೇಲೆ ಕೂರಿಸಿಕೊಂಡಿತು.

"ಕಾವ್ಲಿಗೆ ಬಂದ್ಯಾ ಕಣಮ್ಮ? ಒಳ್ಳೇದಾಯ್ತು. ನಾನೂ ನೋಡ್ದೆ, ಮೈಕ್ನಾಗೇ ಅಳ್ತಾವ್ನಲ್ಲ, ಜಾಸ್ತಿ ಆಗೈತೆ, ಕೈ ಬುಡಬ್ಯಾಡಿ ಅಂತ. ಕರುಳು ಚುರುಕ್ ಅಂತು. ಹಿಟ್ಟಿಗೆ ಆ ರೇಟು ಯಾವ್ ನ್ಯಾಯ ಹೇಳು? ಆದ್ರೂ ಕೊಟ್ಟೆ. ಇವ್ನು ಕುಡಿದ್ ಹಾಳ್ ಮಾಡ್ಲಿ, ಮನೇಲಿರೋ ಹೆಂಗ್ಸು ಉಣ್ಬೇಕಲ್ಲ ಅಂತ. ಈ ಬೀದಿ ಹೆಂಗಸ್ರೆಲ್ಲಾ ಮಾತಾಡ್ಕಂಡ್ವಿ, ಅವ್ನ ಹೆಂಡ್ತಿ ಮಕ ನೋಡಿ ಕೊಡಾನ ಅಂತ."

ನಾನು ಈರುಳ್ಳಿ ಮೂಟೆಯ ಮೇಲಿಂದ ಮಾವನನ್ನು ನೋಡಿದೆ. ಮಾವ ನನ್ನನ್ನು ನೋಡಿದ. ಡೀಸೆಲ್ಲಿಗೆ ಅಂದಾಗ ಒಂದು ಪೈಸೆ ಬಿಡದ ಬೀದಿ, ಕುಡುಕನ ಹೆಂಡತಿಗೆ ಅಂದಾಗ ಕೇಳಿದಷ್ಟು ಕೊಟ್ಟಿತ್ತು! ಇಷ್ಟು ದಿನ ಮಾವನ ವ್ಯಾಪಾರ ನಡೆದದ್ದು ಅತ್ತೆ ಕಣ್ಣೀರು ಹಾಕುತ್ತಿದ್ದಾಳೆ ಅನ್ನುವ ನಂಬಿಕೆಯ ಮೇಲೆ. ಇದನ್ನು ಏನನ್ನಬೇಕು? ಮೋಸವೋ, ಪುಣ್ಯವೋ?

ಮಾವ ಅತ್ತೆಯ ಹತ್ತಿರ ಬಂದು, ಎಲೆಅಡಿಕೆಯ ಮರೆಯಲ್ಲಿ ಪಿಸುಗುಟ್ಟಿದ. "ಸುಮ್ನಿರೇ. ಹೋಗ್ಲಿ. ಅಂದ್ರೆ ಅನ್ಲಿ. ವ್ಯಾಪಾರ ಆಗ್ತೈತಲ್ಲ."

ಅವನು ಹಾಗೆ ಅಂದದ್ದಕ್ಕೆ ನಾನು ತಪ್ಪು ಹೇಳಲಾರೆ. ಡೀಸೆಲ್ ನಿಜವಾಗಿ ಏರಿತ್ತು, ಅವನು ಬಂಕಿಗೆ ನಿಜವಾಗಿ ದುಡ್ಡು ಕೊಟ್ಟಿದ್ದ, ನಿಜ ಹೇಳಿದರೆ ಹಿಟ್ಟು ಗಾಡಿಯಲ್ಲೇ ಉಳಿಯುತ್ತಿತ್ತು. ಕುಡುಕ ಅನ್ನಿಸಿಕೊಂಡರೆ ಹಿಟ್ಟು ಹೋಗುತ್ತಿತ್ತು. ಒಳ್ಳೇ ಹೆಸರಿನಿಂದ ಮುದ್ದೆ ಬೇಯುವುದಿಲ್ಲ ಅಂತ ಅವನಿಗೆ ಅನ್ನಿಸಿರಬೇಕು. ಅತ್ತೆ ಜಗಲಿಯ ಮೇಲೆ ಸೆರಗು ಬೆರಳಿಗೆ ಸುತ್ತಿಕೊಳ್ಳುತ್ತಾ, ಬಿಚ್ಚುತ್ತಾ, ಮತ್ತೆ ಸುತ್ತಿಕೊಳ್ಳುತ್ತಾ ಕೂತಿದ್ದಳು. ಸುತ್ತ ಏಳೆಂಟು ಹೆಂಗಸರು ಬಂದು ನಿಂತಿದ್ದರು. ಎಲ್ಲರ ಮುಖದಲ್ಲೂ ಪಾಪ ಅನ್ನುವ ಕಳೆ. ಆ ಕಳೆಯೇ ಅವಳಿಗೆ ತಡೆಯಲಾಗಲಿಲ್ಲ ಅಂತ ಕಾಣುತ್ತದೆ.

"ನಮ್ಮೋರು ಕುಡ್ದಿಲ್ಲ ಕಣವ್ವಾ," ಅಂದಳು. "ಗಾಡಿ ಕುಡ್ದಿದ್ದು. ಮೈಕಲ್ಲಿ ಹೇಳಿದ್ದು ಡೀಸೆಲ್ಲು. ನಾನೇ ಹೋಗಿ ನೋಡ್ಕೊಂಡು ಬಂದೆ."

ಅಜ್ಜಿ ಅತ್ತೆಯ ಕೈ ಬಿಟ್ಟಿತು.

"ಅಂಗಾದ್ರೆ ನೀನು ಚೆಂದಾಗಿದೀಯ?"

"ಚೆನ್ನಾಗಿದೀನಿ ಕಣವ್ವಾ."

"ಹೊಡೆಯದು ಗಿಡೆಯದು?"

"ಇಲ್ಲ."

"ಅಯ್ಯೋ ನಿನ್ನ! ಅಂಗಾದ್ರೆ ಹಳೇ ರೇಟ್ಗೆ ಕೊಡ್ಲಾ ಹಿಟ್ಟ!"

ಮತ್ತೆ ಲಾ. ಮಾವನ ಮುಖ ನೋಡಬೇಕಿತ್ತು. ವ್ಯಾಪಾರ ಹೋಯಿತು ಅಂತ ಇಳಿಯಿತು, ಬೈಗುಳ ವಾಪಸು ಬಂತು ಅಂತ ಏರಿತು. ಅಲ್ಲಿಂದ ಶುರುವಾಯಿತು ನೋಡಿ. ಅತ್ತೆ ಟ್ರಾಕ್ಟರಿನಿಂದ ಹಿಡಿದಳು. ಮಂಡಿಯವರು ಹೀಗಂದರು, ಲಾರಿಯವನು ಹೀಗಂದ, ಬೋರ್ಡಿನಲ್ಲಿ ಹೀಗಿತ್ತು. ಒಬ್ಬಾಕೆ, ನಮ್ಮ ಕೂಲಿಗೆ ಯಾವ ಡೀಸೆಲ್ಲೂ ಯಾಕೆ ಹೋಗುವುದಿಲ್ಲ ಅಂದಳು. ಇನ್ನೊಬ್ಬಳು, ಹಿಟ್ಟು ಬೇಡ, ಈರುಳ್ಳಿ ಯಾವ ರೇಟು, ಅದೂ ಕುಡಿದಿದೆಯಾ ಅಂದಳು. ಅತ್ತೆ ಕನ್ನಡದಲ್ಲಿ ಸಾಲದೆ ತೆಲುಗಿಗೆ ಇಳಿದಳು. ಮಿಲ್ಲಿನ ಕರೆಂಟಿನ ಹತ್ತಿರ ಬಂದಾಗ ಅವಳಿಗೇ ದಾರಿ ತಪ್ಪಿ, ಮತ್ತೆ ಮಂಡಿಗೆ ವಾಪಸು ಹೋದಳು. ಕೊನೆಗೆ ಅಜ್ಜಿ ಹಳೇ ರೇಟಿಗೂ ಹೊಸಾ ರೇಟಿಗೂ ನಡುವೆ ಎಲ್ಲೋ ಒಂದು ಕಡೆ ಕೈ ಚಾಚಿತು. ಅದೂ ಯಾವತ್ತೂ ಕೊಳ್ಳುವುದರಲ್ಲಿ ಅರ್ಧ. ಮಿಕ್ಕವರು ನಾಳೆ ನೋಡೋಣ ಅಂತ ಒಳಗೆ ಹೋದರು.

ಮುಕ್ಕಾಲು ಪಾಲು ಹಿಟ್ಟು ಗಾಡಿಯಲ್ಲೇ ಇತ್ತು. ಊರ ಹೊರಗೆ ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿಕೊಂಡೆವು. ನನಗೆ ಯಾರ ದನಿಯೂ ಹೊಳೆಯಲಿಲ್ಲ. ಅತ್ತೆ ಫೋನ್ ತೆಗೆದು ಅವಳ ಅಣ್ಣನಿಗೆ ಮಾಡಿದಳು. ಡೀಸೆಲ್ ಅಣ್ಣ ಅದು, ಕುಡಿಯೋ ಎಣ್ಣೆ ಅಲ್ಲ ಅಂತ ಎಲ್ಲ ಹೇಳಿ, ಸ್ಪೀಕರ್ ಹಾಕಿ ಫೋನನ್ನು ಮಾವನ ಮುಂದೆ ಹಿಡಿದಳು. ಮಾವ ಎಲೆ ಉಗಿದು, ಬಾಯಿ ಒರೆಸಿಕೊಂಡು, "ಬಾವ," ಅಂದ.

"ಬಾವ," ಅಂದರು ಅವರೂ. ಇಬ್ಬರೂ ಒಬ್ಬರಿಗೊಬ್ಬರು ಬಾವನೇ. ಆಮೇಲೆ ಅವರು ಕೇಳಿದರು. "ಎಣ್ಣೆ ಏರಿದ್ದಕ್ಕೆ ಅಕ್ಕಿ ಏರ್ತು, ಬ್ಯಾಳೆ ಏರ್ತು, ರಾಗಿ ಏರ್ತು ಅಂತೀಯ. ಸರಿ, ಒಪ್ಪಿದೆ. ನನ್ ಕಡ್ಲೆಕಾಯಿ ಹೊಲ್ದಾಗೂ ಅದೇ ಟ್ರಾಕ್ಟ್ರು ಓಡಿದ್ದು. ಅದೇ ಎಣ್ಣೆ. ಮಂಡೀಲಿ ಕಡ್ಲೆಕಾಯಿ ಮಾತ್ರ ಹೋದ್ ವರ್ಷದ ರೇಟ್ಗೇ ಕೇಳ್ತಾರಲ್ಲ, ಅದ್ಯಾಕೆ ಬಾವ?"

ಮಾವ ಫೋನಿಗೆ ಅಂಗೈ ಅಡ್ಡ ಹಿಡಿದು ನನ್ನ ಕಡೆ, "ಏನ್ಲಾ ಹೇಳಾದು?" ಅಂದ. ನಾನು ಭುಜ ಹಾರಿಸಿದೆ. ಅವನು ಅತ್ತೆಯ ಕಡೆ ನೋಡಿದ.

ಅತ್ತೆ ಫೋನು ಕಿತ್ತುಕೊಂಡಳು. "ಆಯನ್ಕಿ ತೆಲೀದನ್ನಾ," ಅಂದಳು, ಅವ್ರಿಗೆ ಗೊತ್ತಿಲ್ಲ ಅಣ್ಣ ಅಂತ. ಮಾವನ ಅಂಗಿಯ ಮೇಲೆ ಬಿದ್ದಿದ್ದ ಹಿಟ್ಟನ್ನು ಇನ್ನೊಂದು ಕೈಯಿಂದ ಕೊಡವುತ್ತಾ ಮತ್ತೆ ಅಂದಳು: "ಕಾನೀ ತಾಗ್ಲೇದು." ಆದರೆ ಕುಡಿದಿಲ್ಲ.